ಹಳ್ಳದ ಕೆಳಗಿನ ಮನೆಗೆ

ಎಸ್ಟೇಟ್ ಆಫೀಸು
28 ನವೆಂಬರ್ 2023

ಶ್ರೀಮತಿ ಜಗದಾಂಬ ಅವರಿಗೆ,

ನಮಸ್ಕಾರ. ಈ ತಿಂಗಳ ಮೂವತ್ತರಿಂದ ನಮ್ಮ ಪಲ್ಪರ್ ಹೌಸಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ ಶುರುವಾಗುತ್ತದೆ. ಮೊದಲ ಪಲ್ಪಿಂಗಿಗೆ ಮುಂಚೆ ಹಳ್ಳದ ಕೆಳಗಿನ ಮನೆಗಳಿಗೆ ಹೇಳಿ ಕಳಿಸುವುದು ಇಲ್ಲಿನ ವಾಡಿಕೆ ಎಂದು ಜೀಪಿನ ಡ್ರೈವರ್ ವೀರಯ್ಯ ತಿಳಿಸಿದರು. ಇದುವರೆಗೆ ಆಫೀಸಿನ ಲೆಕ್ಕ ಬರೆಯುವ ರೈಟರ್ ಒಂದು ಚೀಟಿಯಲ್ಲಿ 'ಹಳ್ಳದ ಕೆಳಗಿನ ಮನೆಯವರಿಗೆ, ನೀರು ತುಂಬಿಕೊಳ್ಳಿ' ಎಂದಷ್ಟೇ ಬರೆಯುತ್ತಿದ್ದರಂತೆ. ಈಗ ಆ ಮನೆಗಳಲ್ಲಿ ಜನ ಇರುವುದು ನಿಮ್ಮದೊಂದರಲ್ಲೇ ಎಂದೂ ಅವರೇ ಹೇಳಿದರು. ಆದ್ದರಿಂದ ಹೆಸರು ಕೇಳಿ ಬರೆಯುತ್ತಿದ್ದೇನೆ. ಪ್ರತಿ ಮಂಗಳವಾರ ಜೀಪು ನಿಮ್ಮ ಮನೆಯ ಮೇಲೇ ಆಲೂರಿಗೆ ಹೋಗಿಬರುತ್ತದೆ, ಉತ್ತರವಿದ್ದರೆ ವೀರಯ್ಯನವರ ಕೈಯಲ್ಲಿ ಕೊಡಬಹುದು.

ಪಲ್ಪರ್ ನೀರಿನ ಜವಾಬ್ದಾರಿ ಈ ವರ್ಷದಿಂದ ನನ್ನದು. ಹೊಸದಾಗಿ ಒಂದು ಹೊಂಡ ಕಟ್ಟಿದ್ದೇವೆ. ಹಣ್ಣು ತೊಳೆದ ಹುಳಿ ನೀರು ನೇರವಾಗಿ ಹಳ್ಳಕ್ಕೆ ಬೀಳದೆ ಅಲ್ಲಿ ನಿಲ್ಲುತ್ತದೆ. ಸುಣ್ಣ ಹಾಕಿ ಹುಳಿ ಮುರಿದು, ಗಷ್ಟು ಕೆಳಗೆ ಕೂತ ಮೇಲೆ ತಿಳಿನೀರನ್ನು ಮಾತ್ರ ಬಿಡುತ್ತೇವೆ. ಆದರೂ ಮೊದಲ ವಾರಕ್ಕೆ ಬೇಕಾದಷ್ಟು ನೀರು ತುಂಬಿಟ್ಟುಕೊಳ್ಳಿ.

ಇತಿ,
ದೀಪಶ್ರೀ


4 ಡಿಸೆಂಬರ್ 2023

ಮೇಡಂನೋರಿಗೆ ಜಗದಾಂಬನ ನಮಸ್ಕಾರಗಳು.

ಕಾಗದ ಬಂತು. ಲಕೋಟೆ ಮೇಲೆ ನನ್ನ ಹೆಸರು ನೋಡಿ ಕೋರ್ಟಿನಿಂದ ಬಂದಿರಬೇಕು ಅಂದ್ಕೊಂಡೆ. ವೀರಯ್ಯ ನಕ್ಕು, "ಹೆದರ್ಬೇಡಿ ಅಕ್ಕಾ, ಹೊಸ ಮೇಡಂ, ಕಾಲೇಜಲ್ಲಿ ಪಾಠ ಮಾಡ್ತಿದ್ದೋರು, ಹಿಂಗೇ ಬರೀತಾರೆ" ಅಂದ.

ಹೊಂಡದ ವಿಷಯ ಓದಿದೆ. ಸಂತೋಷ. ಆದ್ರೆ ನಾನು ಈ ಹಳ್ಳದ ದಡದಲ್ಲಿ ಇಪ್ಪತ್ತಾರು ವರ್ಷದಿಂದ ಇದೀನಿ. ಸುಗ್ಗಿ ಮೂರು ತಿಂಗಳು ಇಲ್ಲಿ ನೀರಿಗೆ ಹುಳಿ ನಾತ, ಮೇಲೆ ಕಂದು ನೊರೆ. ದನ ಮೂತಿ ಇಟ್ಟು ತೆಗೀತವೆ. ಅದಕ್ಕೇ ನಾವು ಹಳ್ಳದ ಪಕ್ಕ ಮರಳಲ್ಲಿ ಒರತೆ ತೋಡಿ, ಅದರಲ್ಲಿ ಸೋಸಿ ಬಂದ ನೀರನ್ನ ಮೊಗೆದು ಬಳಸೋದು. ನಮ್ಮೆಜಮಾನ್ರು ಇದ್ದಾಗ ಅವರು ತೋಡೋರು. ಹನ್ನೊಂದು ವರ್ಷದಿಂದ ನಾನೇ ತೋಡ್ತೀನಿ.

ನಂದು ಸಸಿ ನರ್ಸರಿ. ಮೆಣಸಿನ ಬಳ್ಳಿ, ಸ್ವಲ್ಪ ಕಾಫಿ. ನಿಮ್ಮ ಎಸ್ಟೇಟಿಗೂ ಕೊಟ್ಟಿದೀನಿ. ಎಳೆ ಬೇರಿಗೆ ಆ ನೀರು ಬಿದ್ರೆ ಮುಗೀತು. ನೀವು ಓದಿದೋರು, ನಿಜ ಹೇಳ್ತೀರಿ ಅಂತ ನಂಬಿಕೆ. ನೀರು ಕೆಟ್ಟಾಗ ಕೆಟ್ಟಿದೆ ಅಂತ ಬರೀರಿ, ಅಷ್ಟು ಸಾಕು. ನಮ್ಮ ತಗ್ಗಿಗೆ ಫೋನ್ ಸಿಗ್ನಲ್ ಬರಲ್ಲ.

ಜಗದಾಂಬ


19 ಡಿಸೆಂಬರ್ 2023

ಜಗದಾಂಬಕ್ಕನಿಗೆ,

ಹೀಗೆ ಕರೆಯಬಹುದೇ? ವೀರಯ್ಯ ಹಾಗೆ ಕರೆಯುವುದನ್ನು ಕೇಳಿ ನನಗೂ ರೂಢಿಯಾಗಿದೆ.

ಇದರ ಜೊತೆ ಒಂದು ಪುಟ್ಟ ಕಟ್ಟು ಕಳಿಸುತ್ತಿದ್ದೇನೆ. ಹಳದಿ ಕಾಗದದ ಪಟ್ಟಿಗಳು. ಒಂದನ್ನು ಹಳ್ಳದ ನೀರಿಗೆ ಅದ್ದಿ ತೆಗೆಯಿರಿ. ಹಸಿರಾದರೆ ನೀರಿನಲ್ಲಿ ಹುಳಿ ಇಲ್ಲ, ಕೇಸರಿಗೋ ಕೆಂಪಿಗೋ ತಿರುಗಿದರೆ ಮುಟ್ಟಬೇಡಿ. ವಾರಕ್ಕೊಮ್ಮೆ ನೋಡಿ ಬರೆದರೆ ನನಗೆ ದೊಡ್ಡ ಉಪಕಾರ. ಇಲ್ಲಿ ಹೊಂಡದ ಬಾಯಲ್ಲಿ ನಾನು ನೋಡುವುದು ಬೇರೆ, ಐದು ಕಿಲೋಮೀಟರ್ ಹರಿದ ಮೇಲೆ ನೀವು ನೋಡುವುದು ಬೇರೆ.

ಒಂದು ಒಳ್ಳೆಯ ಸುದ್ದಿ. ನಮ್ಮ ಕಾಫಿ ಕೊಳ್ಳುವ ಕಂಪನಿಯವರು ಎರಡನೆಯ ಹೊಂಡಕ್ಕೆ ಕೈಜೋಡಿಸುತ್ತೇವೆ ಎಂದಿದ್ದಾರೆ. ಗಾಳಿ ಹಾಯಿಸುವ ಯಂತ್ರ, ಸೋಸುವ ಜಾಲರಿ, ಪಂಪು ಅವರದು. ಜಾಗ, ಕೆಲಸ, ಕರೆಂಟು ಎಸ್ಟೇಟಿನದು. ಅದಾದರೆ ಅದೇ ನೀರನ್ನು ಪಲ್ಪರಿಗೆ ಮತ್ತೆ ಮತ್ತೆ ತಿರುಗಿಸಬಹುದು. ಕೊನೆಗೆ ಉಳಿದದ್ದು ಹೂ ಬಿಡುವ ಕಾಲಕ್ಕೆ ಗಿಡಗಳಿಗೆ. ಹಳ್ಳಕ್ಕೆ ಒಂದು ಕೊಡವೂ ಹೋಗಬೇಕಾಗಿಲ್ಲ. ಈಗಿರುವ ಹೊಂಡ ಅರ್ಧ ಕೆಲಸ ಮಾತ್ರ, ಅದು ನನಗೆ ಗೊತ್ತು.

ಹಾಸನದಲ್ಲಿ ಇಪ್ಪತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿದೆ. ವಿಭಾಗ ಮುಚ್ಚಿತು. ಅಮ್ಮನೂ ಅದೇ ವರ್ಷ ಹೋದರು. ಇಲ್ಲಿ ಕ್ವಾರ್ಟರ್ಸಿನಲ್ಲಿ ಒಬ್ಬಳೇ. ಸಂಜೆ ಪಲ್ಪರ್ ನಿಂತ ಮೇಲೆ ಎಷ್ಟು ನಿಶ್ಶಬ್ದ ಎಂದರೆ, ಪುಸ್ತಕದ ಹಾಳೆ ಮಗುಚುವುದಕ್ಕೂ ಸಂಕೋಚವಾಗುತ್ತದೆ.

ದೀಪಶ್ರೀ


26 ಡಿಸೆಂಬರ್ 2023

ದೀಪಮ್ಮನೋರಿಗೆ,

ಅಕ್ಕ ಅಂದ ಮೇಲೆ ನಾನೂ ಮೇಡಂ ಬಿಟ್ಟೆ.

ಭಾನುವಾರ ಬೆಳಗ್ಗೆ ಕಾಗದ ಅದ್ದಿದೆ. ಹಸಿರು! ನಂಬಿಕೆ ಬರದೆ ಹುಣಸೆ ನೀರಿಗೆ ಒಂದು ಅದ್ದಿದೆ, ಕೆಂಪಾಯ್ತು. ಮಜ್ಜಿಗೆಗೆ ಅದ್ದಿದೆ, ಕೇಸರಿ. ಆಮೇಲೆ ಕಾಫಿಗೆ ಅದ್ದಕ್ಕೆ ಹೋಗಿ, ಸಾಕು ಕಣೇ ಜಗದಾಂಬ, ಮೇಡಂ ಕಳಿಸಿದ್ದೆಲ್ಲ ಅಡುಗೆಮನೇಲೇ ಮುಗಿಸ್ತೀಯ ಅಂತ ನನಗೆ ನಾನೇ ಬೈಕೊಂಡೆ. ವೀರಯ್ಯನಿಗೆ ತೋರಿಸಿದ್ರೆ, "ನಮ್ಮ ಸಾಹುಕಾರರ ನಾಲಿಗೆಗೆ ಒಂದು ಅದ್ದಿ ನೋಡಿ ಅಕ್ಕಾ, ಯಾವ ಬಣ್ಣ ಬರ್ತೈತೋ" ಅಂತಾನೆ.

ಈ ವರ್ಷ ಒರತೆ ತೋಡಲಿಲ್ಲ ದೀಪಮ್ಮ. ಸೊಂಟನೂ ಕೇಳಲ್ಲ, ನಿಮ್ಮ ನೀರೂ ಹಸಿರೈತೆ. ಹಳ್ಳಕ್ಕೇ ಪಂಪ್ ಇಳಿಸಿ ಸಿಮೆಂಟ್ ತೊಟ್ಟಿಗೆ ತುಂಬಿಸ್ತಾ ಇದೀನಿ. ನಾಲ್ಕು ಸಾವಿರ ಮೆಣಸಿನ ಪ್ಯಾಕೆಟ್ ಚಪ್ಪರದ ಕೆಳಗೆ ಚಿಗುರಿ ನಿಂತಿವೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀವು ಹೇಳೇ ಹೇಳ್ತೀರಿ.

ಜಗದಾಂಬ


9 ಜನವರಿ 2024

ಜಗದಾಂಬಕ್ಕನಿಗೆ,

ನಿಮ್ಮ ಕಡೆಯೂ ಮಳೆ ಬಂತೇ? ಜನವರಿಯಲ್ಲಿ ಹೀಗೆ ಮೂರು ದಿನ ಸುರಿದದ್ದು ಯಾರಿಗೂ ನೆನಪಿಲ್ಲವಂತೆ. ಕಣದಲ್ಲಿ ಒಣಗಲು ಹಾಕಿದ ಕಾಫಿಯೆಲ್ಲ ನೆನೆಯಿತು. ಎಲ್ಲರೂ ಟಾರ್ಪಾಲ್ ಹಿಡಿದು ಓಡಾಡಿದ್ದೇ ಕೆಲಸ.

ಹಳ್ಳದ ನೀರು ಹೇಗಿದೆ? ಕಾಗದ ಅದ್ದಿ ನೋಡಿದಿರಾ? ಸಸಿಗಳು ಹೇಗಿವೆ?

ನೀರು ಹೇಗಿದೆ ಎಂದು ದಯವಿಟ್ಟು ಬರೆಯಿರಿ.

ದೀಪಶ್ರೀ


16 ಜನವರಿ 2024

ದೀಪಮ್ಮನೋರಿಗೆ,

ನೀರು ಚೆನ್ನಾಗೈತೆ. ಏನೂ ಯೋಚನೆ ಮಾಡಬೇಡಿ.

ಜಗದಾಂಬ


20 ಫೆಬ್ರವರಿ 2024

ಜಗದಾಂಬಕ್ಕನಿಗೆ,

ನಿಮ್ಮ ಎರಡು ಸಾಲು ಓದಿ ಎಷ್ಟು ಹಗುರವಾದೆ ಎಂದು ಹೇಳಲಾರೆ. ಅದನ್ನು ಮಡಚಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು ವಾರಗಟ್ಟಲೆ ಓಡಾಡಿದೆ.

ಈಗ ಅದು ನನ್ನ ಬಳಿ ಇಲ್ಲ. ಕಂಪನಿಯಿಂದ ಪೂಜಿತಾ ಎಂಬ ಎಂಜಿನಿಯರ್ ಹುಡುಗಿ ಬಂದಿದ್ದಳು. ಮೊದಲ ಹೊಂಡದ ಕೆಲಸ ಹೇಗಿದೆ ಎಂದು ಕೇಳಿದಾಗ ನಮ್ಮ ಮಾಲೀಕರು ರವಿಚಂದ್ರ ಅವರು, "ಕೆಳಗಿನೋರನ್ನೇ ಕೇಳಿ, ನಾವು ಹೇಳಿದ್ರೆ ಜಂಬ ಅಂತೀರಿ. ಮೇಡಂ, ಆಯಮ್ಮನ ಕಾಗದ ಕೊಡಿ" ಎಂದರು. ಕೊಟ್ಟೆ. ಅವಳು ಫೋಟೋ ತೆಗೆದುಕೊಂಡಳು. ಪತ್ರ ಫೈಲು ಸೇರಿತು.

ನಿನ್ನೆ ತೀರ್ಮಾನ ಬಂತು. ಒಂದೇ ಹೊಂಡದಲ್ಲಿ ನೀರು ಇಷ್ಟು ಶುದ್ಧವಾಗುತ್ತಿದ್ದರೆ ಇಲ್ಲಿ ಎರಡನೆಯದರ ತುರ್ತಿಲ್ಲ, ಆ ಯಂತ್ರಗಳು ಬೇರೆ ಎಸ್ಟೇಟಿಗೆ ಹೋಗಲಿ ಎಂದಿದ್ದಾರೆ. ರವಿಚಂದ್ರ ಅವರಿಗೆ ಖುಷಿ. ಮಣ್ಣು ಅಗೆಸುವ ಕೆಲಸ ತಪ್ಪಿತು.

ನಾನು ಏನೋ ಹೇಳಬೇಕಿತ್ತು. ಹೇಳಲಿಲ್ಲ.

ದೀಪಶ್ರೀ


7 ಮೇ 2024

ಮೇಡಂನೋರಿಗೆ,

ಎಸ್ಟೇಟಿನಿಂದ ಜೂನ್ ತಿಂಗಳಿಗೆ ಎಂಟುನೂರು ಮೆಣಸಿನ ಸಸಿ ಬೇಕು ಅಂತ ಚೀಟಿ ಬಂದಿತ್ತು. ಈ ವರ್ಷ ಕೊಡೋಕೆ ಆಗಲ್ಲ. ಬೇರೆಯೋರಿಗೆ ಒಪ್ಪಿಕೊಂಡು ಬಿಟ್ಟಿದೀನಿ. ಯಸಳೂರಿನ ಕಡೆ ನರ್ಸರಿಗಳಿವೆ, ಅಲ್ಲಿ ವಿಚಾರಿಸಿ.

ಜಗದಾಂಬ


21 ಮೇ 2024

ಜಗದಾಂಬ ಅವರಿಗೆ,

ನಿಮ್ಮ ಪತ್ರದಲ್ಲಿ ನಾನು ಮತ್ತೆ ಮೇಡಂ ಆಗಿರುವುದನ್ನು ಗಮನಿಸಿದೆ.

ಸಸಿ ಯಾರಿಗೆ ಕೊಡಬೇಕೆಂಬುದು ನಿಮ್ಮ ಇಷ್ಟ. ಅದಕ್ಕೆ ಬೇಸರವಿಲ್ಲ. ಮಾರ್ಚ್, ಏಪ್ರಿಲ್ ಎರಡೂ ತಿಂಗಳು ಪ್ರತಿ ಮಂಗಳವಾರ ಜೀಪು ಆಲೂರಿನಿಂದ ಬರುವ ಹೊತ್ತಿಗೆ ಆಫೀಸಿನ ಮೆಟ್ಟಿಲ ಮೇಲೆ ನಿಂತಿರುತ್ತಿದ್ದೆ. ವೀರಯ್ಯ ತಲೆ ಅಲ್ಲಾಡಿಸಿ ಸ್ಟೋರಿನ ಕಡೆ ಹೋಗಿಬಿಡುತ್ತಿದ್ದರು. ಏನು ತಪ್ಪಾಯಿತೆಂದು ಕೇಳುವಷ್ಟು ಸಲುಗೆ ನಮ್ಮ ನಡುವೆ ಇತ್ತೇ ಎಂದು ಈಗ ಅನುಮಾನ. ಎಸ್ಟೇಟಿನವಳೊಬ್ಬಳು ಅತಿಯಾಗಿ ಹಚ್ಚಿಕೊಂಡಳು ಎಂದು ನಿಮಗೆ ಅನಿಸಿರಬಹುದು. ಹಾಗಿದ್ದರೆ ಕ್ಷಮಿಸಿ. ಇನ್ನು ಮುಂದೆ ಕೆಲಸದ ವಿಷಯ ಮಾತ್ರ ಬರೆಯುತ್ತೇನೆ.

ದೀಪಶ್ರೀ


11 ಜೂನ್ 2024

ಜಗದಾಂಬಕ್ಕಾ,

ಇವತ್ತು ವೀರಯ್ಯ ಬಾಯಿಬಿಟ್ಟರು. ಯಸಳೂರಿನಿಂದ ತಂದ ಸಸಿಗಳನ್ನು ಇಳಿಸುತ್ತಿದ್ದಾಗ ನಾನು, "ನಿಮ್ಮ ಅಕ್ಕ ಯಾರಿಗೆ ಕೊಟ್ಟರಂತೆ?" ಎಂದು ಸ್ವಲ್ಪ ಚುಚ್ಚಿಯೇ ಕೇಳಿದೆ. ಅವರು ಬುಟ್ಟಿಯನ್ನು ಕೆಳಗಿಟ್ಟು, "ಯಾರಿಗೆ ಕೊಡ್ತಾರೆ ಮೇಡಂ? ಜನವರಿಲೇ ಎಲ್ಲಾ ಕರಕಾಗಿ ಹೋಗ್ಬುಟ್ವು. ನಾಲ್ಕು ಸಾವಿರನೂ. ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡವ್ರೆ" ಎಂದರು.

ಈಗ ನನ್ನದನ್ನು ಕೇಳಿ.

ಜನವರಿ ಏಳು, ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಮಳೆನೀರು ಹೊಂಡಕ್ಕೆ ನುಗ್ಗಿ ಅಂಚಿಗೆ ಬಂದಿತ್ತು. ಕಟ್ಟೆಯ ಒಂದು ಕಡೆ ಜಿನುಗುತ್ತಿತ್ತು. ಪಲ್ಪರಿನ ಜವರಯ್ಯ ಕೂಗಿದರು, "ಮೇಡಂ, ಒಡೀತು ಅಂದ್ರೆ ಸೀದಾ ಕೂಲಿಯೋರ ಲೈನ್ ಮನೆಗಳಿಗೇ! ಮಕ್ಕಳು ಮರಿ ಒಳಗವ್ರೆ!" ಗೇಟು ತೆಗೆಸಿದೆ. ಸುಣ್ಣ ಕಾಣದ ನೀರು, ನಾಲ್ಕು ದಿನದ್ದು, ಅರ್ಧ ಗಂಟೆಯಲ್ಲಿ ಹಳ್ಳ ಸೇರಿತು. ಮತ್ತೆ ಅಂಥ ದಿನ ಬಂದರೆ ಮತ್ತೆ ತೆಗೆಸುತ್ತೇನೆ. ಅದು ನನ್ನ ತಪ್ಪಲ್ಲ.

ತಪ್ಪು ಆಮೇಲಿನದು. ಜೀಪು ಅಲ್ಲೇ ನಿಂತಿತ್ತು. ವೀರಯ್ಯ ಟೀ ಕುಡಿಯುತ್ತಾ ಕೂತಿದ್ದರು. 'ಹೋಗಿ ಹೇಳಿ ಬನ್ನಿ' ಎಂದಿದ್ದರೆ ಮುಕ್ಕಾಲು ಗಂಟೆಯಲ್ಲಿ ನಿಮಗೆ ತಿಳಿಯುತ್ತಿತ್ತು. ಹಳೆಯ ರೈಟರ್ ಆಗಿದ್ದರೆ ಯೋಚನೆಯನ್ನೇ ಮಾಡದೆ ಆ ಚೀಟಿ ಕಳಿಸಿರುತ್ತಿದ್ದ. ನನ್ನ ಕಣ್ಣ ಮುಂದೆ ನೀವು ಬರೆದ ಸಾಲು ಬಂತು, ಒರತೆ ತೋಡಲಿಲ್ಲ ಎಂದದ್ದು. ನಂಬಿದವರಿಗೆ ಹೇಗೆ ಹೇಳುವುದು? ಮಳೆನೀರಿನಲ್ಲಿ ಬೆರೆತು ತಿಳಿಯಾದೀತು ಎಂದುಕೊಂಡೆ. ಮಂಗಳವಾರದ ಪತ್ರದಲ್ಲೂ ಬರೆಯಲಿಲ್ಲ. ನೀರು ಹೇಗಿದೆ ಎಂದು ನಿಮ್ಮನ್ನೇ ಕೇಳಿದೆ.

ನೀವು ಚೆನ್ನಾಗಿದೆ ಎಂದಿರಿ. ನಾನು ನಂಬಲು ಕಾದಿದ್ದೆ, ನಂಬಿದೆ. ಆ ಎರಡು ಸಾಲು ಈಗ ಕಂಪನಿಯ ಫೈಲಿನಲ್ಲಿ ಸಾಕ್ಷಿಯಾಗಿ ಕೂತಿದೆ. ಅದು ಅಲ್ಲಿರುವವರೆಗೆ ಎರಡನೆಯ ಹೊಂಡ ಬರುವುದಿಲ್ಲ. ಮುಂದಿನ ಸುಗ್ಗಿಗೂ ಇದೇ ಅರ್ಧ ಕೆಲಸದ ಹೊಂಡ, ಇದೇ ಗೇಟು. ನಿಮ್ಮ ಚಪ್ಪರಕ್ಕೆ ಮತ್ತೆ ಅದೇ ಗತಿ.

ನಾನು ಮಾತ್ರ ಹೇಳಿದರೆ ಸಾಲದು. ರವಿಚಂದ್ರ ಅವರು ನಿಮ್ಮ ಅಕ್ಷರ ತೋರಿಸುತ್ತಾರೆ. ದಯವಿಟ್ಟು ಅವರಿಗೇ ನೇರವಾಗಿ ಬರೆಯಿರಿ. ನಡೆದದ್ದನ್ನೆಲ್ಲ ಬರೆಯಿರಿ. ನನ್ನ ಹೆಸರು ಬಿಡಬೇಡಿ.

ದೀಪಶ್ರೀ


18 ಜೂನ್ 2024

ಮಾನ್ಯ ರವಿಚಂದ್ರ ಅವರಿಗೆ,

ಹಳ್ಳದ ಕೆಳಗಿನ ನರ್ಸರಿಯ ಜಗದಾಂಬ ಮಾಡುವ ವಿಜ್ಞಾಪನೆ. ಜನವರಿ 16ರಂದು ನೀರು ಚೆನ್ನಾಗಿದೆ ಎಂದು ನಾನು ಬರೆದದ್ದು ಸುಳ್ಳು. ಜನವರಿ 8ನೇ ತಾರೀಖು ಬೆಳಗ್ಗೆ ಹಳ್ಳದಿಂದ ತೊಟ್ಟಿಗೆ ನೀರು ತುಂಬಿಸಿ ಸಸಿಗಳಿಗೆ ಹಾಯಿಸಿದೆ. ವಾರದೊಳಗೆ ನಾಲ್ಕು ಸಾವಿರ ಮೆಣಸಿನ ಸಸಿ ಸತ್ತವು. ಹಿಂದಿನ ದಿನ ನಿಮ್ಮ ಎಸ್ಟೇಟಿನ ಹೊಂಡದ ಗೇಟನ್ನು ದೀಪಶ್ರೀ ಅವರು ತೆಗೆಸಿದ್ದರು. ನನಗೆ ಹೇಳಿ ಕಳಿಸಲಿಲ್ಲ. ಒಂದು ಹೊಂಡ ಸಾಲದು. ನನ್ನ ಹಳೆ ಕಾಗದವನ್ನು ಯಾರಿಗೆ ತೋರಿಸಿದ್ದೀರೋ ಅವರಿಗೆ ಇದನ್ನೂ ತೋರಿಸಬೇಕಾಗಿ ವಿನಂತಿ.

ಜಗದಾಂಬ


ಅದೇ ದಿನ

ದೀಪಮ್ಮ,

ಸಾಹುಕಾರರ ಕಾಗದ ಬೇರೆ ಲಕೋಟೇಲಿ ಐತೆ. ನೀವು ಕೇಳಿದ ಹಂಗೇ ಬರೆದಿದೀನಿ. ಹೆಸರು ಬಿಟ್ಟಿಲ್ಲ. ಬರೆಯೋವಾಗ ನಿಮ್ಮ ಮೇಲೆ ಸಿಟ್ಟಿತ್ತು, ಈಗಲೂ ಐತೆ.

ಅವತ್ತು ನೆಗಡಿ ಹಿಡಿದು ನನ್ನ ಮೂಗು ಕಟ್ಟಿತ್ತು. ಮಳೆಗೆ ಹಳ್ಳ ಹೆಂಗೂ ಕೆಂಪಗಿತ್ತು. ಕಾಗದ ಅದ್ದೋದು ಭಾನುವಾರ ಬೆಳಗ್ಗೆ, ಅದ್ದಿ ಆಗಿತ್ತು, ಹಸಿರೇ ಇತ್ತು. ಮನೇಲಿ ಇನ್ನೊಂದು ಮೂಗು ಇದ್ದಿದ್ರೆ ವಾಸನೆ ಹೇಳಿರೋದು. ಗುರುವಾರ ಎಲೆ ಬಾಡಿ, ಬುಡ ಕಪ್ಪಾದಾಗ ತೊಟ್ಟಿಗೆ ಕಾಗದ ಅದ್ದಿದೆ. ಹುಣಸೆ ನೀರಿನ ಬಣ್ಣ.

ಸುಳ್ಳು ಯಾಕೆ ಬರೆದೆ ಅಂದ್ರೆ, "ಅಕ್ಕಾ, ಇದು ಗೊತ್ತಾದ್ರೆ ಮೇಡಂ ಕೆಲಸ ಹೋಗ್ತದೆ" ಅಂದ ವೀರಯ್ಯ. ಅದೊಂದೇ ಅಲ್ಲ. ನೀವು ಹೋದ್ರೆ ಮತ್ತೆ ರೈಟರ್ ಚೀಟಿ ಬರ್ತದೆ. ಹನ್ನೊಂದು ವರ್ಷದಲ್ಲಿ ಈ ಮನೆಗೆ ನನ್ನ ಹೆಸರು ಬರೆದ ಕಾಗದ ಬಂದಿದ್ದು ನಿಮ್ಮದು ಮಾತ್ರ. ಸಸಿ ಇನ್ನೊಂದು ವರ್ಷ ಬೆಳೆಸ್ಕೋಬಹುದು ಅಂತ ಲೆಕ್ಕ ಹಾಕಿದೆ.

ಸತ್ತ ಸಸಿ ದಿನಾ ನೋಡ್ಕೊಂಡು ನಿಮಗೆ ಸಲುಗೆಯಿಂದ ಬರೆಯೋಕೆ ಆಮೇಲೆ ಕೈ ಏಳಲಿಲ್ಲ. ಅದಕ್ಕೇ ಸುಮ್ನಾದೆ. ನೀವು ಹಚ್ಚಿಕೊಂಡಿದ್ದು ಅತಿ ಆಯ್ತು ಅಂತ ಅಲ್ಲ.

ಜಗದಾಂಬ


30 ಜುಲೈ 2024

ಜಗದಾಂಬಕ್ಕನಿಗೆ,

ರವಿಚಂದ್ರ ಅವರು ನಿಮ್ಮ ಪತ್ರ ಓದಿ ನನ್ನನ್ನು ಕರೆಸಿದರು. "ಏನ್ ಮೇಡಂ, ನಮ್ಮ ಅನ್ನ ತಿಂದ್ಕೊಂಡು ನಮ್ಮ ಮೇಲೇ ಕಾಗದ ಬರೆಸ್ತೀರಾ?" ಎಂದರು. ಹೌದು ಎಂದೆ. ಕಿಟಕಿಯ ಕಡೆ ತಿರುಗಿ ಇನ್ನೊಮ್ಮೆ ಓದಿದರು. "ಒಳ್ಳೆ ಅಕ್ಷರ ಕಣ್ರೀ ಆಯಮ್ಮಂದು. ಹಾಳಾಗ್ ಹೋಗ್ಲಿ, ನಾಲ್ಕು ಸಾವಿರ ಸಸಿ ಅಂದ್ರೆ ಸುಮ್ನೆ ಅಲ್ಲ" ಎಂದರು. ಪತ್ರವನ್ನು ಅವರೇ ಪೂಜಿತಾಗೆ ಕಳಿಸಿದರು. ಹರಿದು ಬಿಸಾಡಬಹುದಿತ್ತು, ಬಿಸಾಡಲಿಲ್ಲ.

ಪೂಜಿತಾ ಎರಡು ಸಲ ಬಂದಳು. ಸುಳ್ಳು ಬರೆದದ್ದಕ್ಕೆ ನಿಮ್ಮ ಮೇಲೆ ಅವಳಿಗೆ ಕೋಪವಿಲ್ಲ, ನನ್ನ ಮೇಲಿದೆ. "ಕಲಿಸಿದವರು ನೀವು, ಅಳತೆ ತೆಗೆಯದೆ ಇನ್ನೊಬ್ಬರ ಮಾತನ್ನು ಫಲಿತಾಂಶ ಅಂತ ಕೊಟ್ಟಿರಲ್ಲ" ಎಂದಳು. ನನ್ನ ವಿದ್ಯಾರ್ಥಿಯಾಗಿದ್ದರೆ ಅವಳಿಗೆ ಪೂರ್ತಿ ಅಂಕ ಕೊಡುತ್ತಿದ್ದೆ.

ಯಂತ್ರಗಳು ಬರುತ್ತವೆ. ಮಳೆ ಕಡಿಮೆಯಾದ ಕೂಡಲೇ ಎರಡನೆಯ ಹೊಂಡದ ಕೆಲಸ ಶುರು. ನೀರನ್ನು ತಿರುಗಿ ಬಳಸದಿದ್ದರೆ ಮುಂದಿನ ವರ್ಷದಿಂದ ಇಲ್ಲಿನ ಕಾಫಿ ಕೊಳ್ಳುವುದಿಲ್ಲ ಎಂದು ಕಂಪನಿ ಬರೆದುಕೊಟ್ಟಿದೆ. ಈ ಷರತ್ತು ಮೊದಲೇ ಇದ್ದಿದ್ದರೆ ಚೆನ್ನಾಗಿತ್ತು. ಮಳೆನೀರು ಹೊಂಡಕ್ಕೆ ನುಗ್ಗದಂತೆ ಮೇಲೊಂದು ಚರಂಡಿಯೂ ಆಗುತ್ತದೆ. ನಿಮಗೆ ಹೊಸ ಬಳ್ಳಿ ಕತ್ತರಿಸಿಕೊಳ್ಳಲು ಎಸ್ಟೇಟಿನ ಮೆಣಸಿನ ತೋಟ ತೆರೆದಿರುತ್ತದೆ ಎಂದು ರವಿಚಂದ್ರ ಅವರು ಹೇಳಿ ಕಳಿಸಿದ್ದಾರೆ.

ಹೊಂಡದ ಜವಾಬ್ದಾರಿ ಇನ್ನು ನನ್ನದಲ್ಲ. ಹಾಸನದಿಂದ ನವೀನ್‌ಕುಮಾರ್ ಎಂಬವರು ಬರುತ್ತಾರೆ. ನನಗೆ ಸ್ಟೋರಿನ ಕೆಲಸ. ಗೊಬ್ಬರದ ಚೀಲ, ಕತ್ತಿ, ಟಾರ್ಪಾಲು. ಬೇಸರವಾಗಿದೆ, ಅನ್ಯಾಯ ಎನಿಸಿಲ್ಲ.

ನಿಮ್ಮ ಸಿಟ್ಟು ಇರಲಿ. ಅದನ್ನು ಹೋಗಲಾಡಿಸಲು ಏನೂ ಬರೆಯುವುದಿಲ್ಲ.

ದೀಪಶ್ರೀ


3 ಡಿಸೆಂಬರ್ 2024

ಜಗದಾಂಬಕ್ಕನಿಗೆ,

ಪಲ್ಪಿಂಗ್ ಶುರುವಾಗಿ ಐದು ದಿನವಾಯಿತು. ಹಣ್ಣು ತೇಲಿಸಿದ ನೀರೇ ಜಾಲರಿ ದಾಟಿ ಮತ್ತೆ ಪಲ್ಪರಿಗೆ ಏರುತ್ತಿದೆ. ಮೂರು ಸುತ್ತು. ಕೊನೆಯ ತೊಳೆತಕ್ಕೆ ಮಾತ್ರ ಹೊಸ ನೀರು. ಜವರಯ್ಯ, "ಒಂದೇ ನೀರಲ್ಲಿ ಎಷ್ಟು ಸಲ ಮುಳುಗೋದು, ಕಾಫಿಗೂ ನಾಚ್ಕೆ ಆಗ್ತದೆ" ಎಂದು ಗೊಣಗುತ್ತಾರೆ, ಆದರೆ ಪಂಪಿನ ಹತ್ತಿರ ಬೇರೆ ಯಾರನ್ನೂ ಬಿಡುವುದಿಲ್ಲ.

ನಾನು ಸ್ಟೋರಿನ ಬಾಗಿಲಲ್ಲಿ ನಿಂತು ನೋಡುತ್ತೇನೆ. ಅಳತೆಯ ಪುಸ್ತಕ ನನ್ನ ಕೈಗೆ ಬರುವುದಿಲ್ಲ. ಕೇಳಿದರೆ ನವೀನ್‌ಕುಮಾರ್ ಹೇಳಿಯಾರು, ಕೇಳಲು ಬಾಯಿ ಬರುವುದಿಲ್ಲ. ಜೂನ್ ಆದಮೇಲೆ ನಿಮ್ಮ ಪತ್ರವಿಲ್ಲ. ಬಳ್ಳಿ ಕತ್ತರಿಸಲು ನೀವು ಆಳು ಕಳಿಸಿದಿರಿ, ನೀವು ಬರಲಿಲ್ಲ. ಅರ್ಥವಾಗುತ್ತದೆ.

ಇದನ್ನು ಎಸ್ಟೇಟಿನ ಪರವಾಗಿ ಬರೆಯುತ್ತಿಲ್ಲ. ಒಂದೇ ಮಾತು ತಿಳಿಯಬೇಕು. ನಿಮ್ಮ ಹತ್ತಿರ ನೀರು ಹೇಗಿದೆ?

ದೀಪಶ್ರೀ


10 ಡಿಸೆಂಬರ್ 2024

ದೀಪಮ್ಮ,

ನೀರು ಹೇಗೈತೆ ಅಂತ ಕೇಳಿದೀರಿ. ಬರೆಯಲ್ಲ.

ಚೆನ್ನಾಗೈತೆ ಅಂತ ಬರೆದ್ರೆ ನೀವು ಮತ್ತೆ ಮಡಚಿ ಕನ್ನಡಕದ ಡಬ್ಬೀಲಿ ಇಟ್ಕೊಂಡು ಓಡಾಡ್ತೀರಿ. ಚೆನ್ನಾಗಿಲ್ಲ ಅಂತ ಬರೆದ್ರೆ ಅನ್ನ ನೀರು ಬಿಡ್ತೀರಿ. ಎರಡೂ ಬೇಡ. ನನ್ನ ಈ ಕೈ ಒಂದ್ಸಲ ಸುಳ್ಳು ಬರೆದೈತೆ. ನಿಮ್ಮದು ಬರೆಯದೆ ಮುಚ್ಚಿಟ್ಟೈತೆ. ಎದುರುಬದುರು ನಿಂತಿದ್ರೆ ಇಬ್ಬರ ಕೈಲೂ ಆಗ್ತಿರಲಿಲ್ಲ.

ಐದು ಕಿಲೋಮೀಟರ್ ಹಳ್ಳ, ಒಂದು ವರ್ಷ. ನಾನು ಮೇಲೆ ಹತ್ತಿಲ್ಲ, ನೀವು ಕೆಳಗೆ ಇಳಿದಿಲ್ಲ. ನೀವು ಕಪ್ಪೋ ಬಿಳುಪೋ ನಂಗೊತ್ತಿಲ್ಲ. ವೀರಯ್ಯನ್ನ ಕೇಳಿದ್ರೆ "ಮೇಡಂ ತರಾನೇ ಅವ್ರೆ" ಅಂತಾನೆ ದರಿದ್ರದೋನು.

ಬರೋ ಮಂಗಳವಾರ ಕಾಗದ ಕಳಿಸಬೇಡಿ. ನೀವೇ ಜೀಪು ಹತ್ತಿ. ಸ್ಟೋರಿಗೆ ಒಂದು ದಿನ ಬೀಗ ಹಾಕಿದ್ರೆ ಟಾರ್ಪಾಲ್ ಎಲ್ಲೂ ಓಡಿಹೋಗಲ್ಲ. ನೀವೇ ಹಳ್ಳಕ್ಕಿಳಿದು, ನಿಮ್ಮ ಕೈಯಿಂದ ಮೊಗೆದು ನೋಡಿ. ನಾನು ಪಕ್ಕದಲ್ಲಿರ್ತೀನಿ, ಹೆಂಗೈತೆ ಅಂತ ಒಂದು ಮಾತೂ ಹೇಳಲ್ಲ.

ಸಿಟ್ಟು ಇನ್ನೂ ಸ್ವಲ್ಪ ಐತೆ. ಬಂದಾಗ ಬೈತೀನಿ, ಬೈಸ್ಕೊಳಿ. ಊಟಕ್ಕೆ ಅವರೆಕಾಳು ಸಾರು ಮಾಡಿರ್ತೀನಿ.

ಗೇಟಿನ ಅಗುಳಿ ಬಿಗಿ ಐತೆ, ಎತ್ತಿ ತಳ್ಳಬೇಕು. ಚಪ್ಪರದ ಹಿಂದೆ ಇರ್ತೀನಿ, ಕೂಗಿದ್ರೆ ಕೇಳ್ಸಲ್ಲ. ಸೀದಾ ಒಳಗೆ ಬನ್ನಿ.

ಜಗದಾಂಬ